ಕೊಡಗಿನ ಮಳೆಯಲ್ಲಿ ಓಡುವ ಜೀಪಿಗೆ ಚೆಕ್ ಲೈಟ್ ಬಂದರೆ: ಎಂಜಿನ್ ಸೆನ್ಸರ್ ಮತ್ತು ವೈರಿಂಗ್ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಮಳೆ ಹಿಡಿದ ಮೇಲೆ ಕೊಡಗಿನ ಗ್ಯಾರೇಜುಗಳಿಗೆ ಬರುವ ಜೀಪುಗಳ ದೂರು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಚೆಕ್ ಲೈಟ್ ಹತ್ತಿದೆ, ಏರಿನಲ್ಲಿ ಪಿಕಪ್ ಇಲ್ಲ, ಬೆಳಿಗ್ಗೆ ಸೆಲ್ಫ್ ತಿರುಗುತ್ತದೆ ಆದರೆ ಎಂಜಿನ್ ಹಿಡಿಯುವುದಿಲ್ಲ. ಸ್ಕ್ಯಾನರ್ ಹಾಕಿದರೆ ಯಾವುದೋ ಒಂದು ಸೆನ್ಸರಿನ ಹೆಸರು ಬರುತ್ತದೆ. ಅದನ್ನು ಬದಲಿಸುತ್ತಾರೆ, ನಾಲ್ಕು ದಿನ ಬಿಸಿಲು ಬಂದಾಗ ಗಾಡಿ ಚೆನ್ನಾಗಿ ಓಡುತ್ತದೆ, ಮತ್ತೆ ಮಳೆ ಸುರಿದರೆ ಅದೇ ಲೈಟ್. ಸ್ಕ್ಯಾನರಿನಲ್ಲಿ ಬರುವ ದೋಷದ ಸಂಖ್ಯೆ, ಅಂದರೆ ಕೋಡ್, ತೋರಿಸುವುದು ಒಂದು ಸರ್ಕ್ಯೂಟನ್ನು. ಆ ಸರ್ಕ್ಯೂಟಿನಲ್ಲಿ ಸೆನ್ಸರ್ ಇದೆ, ಅದಕ್ಕೆ ವೈರ್ ಜೋಡಿಸುವ ಕಪ್ಲರ್ ಇದೆ, ಎರಡು ಮೂರು ಮೀಟರ್ ವೈರ್ ಇದೆ, ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ಮರಳುವ ಅರ್ತ್ ಇದೆ, ಕೊನೆಗೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಎಂ ಇದೆ. ಇಷ್ಟರಲ್ಲಿ ನೀರು, ಕೆಸರು ಮತ್ತು ಇಲಿಗೆ ಸುಲಭವಾಗಿ ಸಿಗುವುದು ಕಪ್ಲರ್, ವೈರ್, ಅರ್ತ್. ಆದ್ದರಿಂದ ಅಳೆಯದೆ ಯಾವ ಭಾಗವನ್ನೂ ಕೊಳ್ಳಬೇಡಿ. ಈ ಬರಹದ ಪ್ರತಿ ಹಂತವೂ ಆ ಒಂದು ಮಾತಿನ ಮೇಲೆ ನಿಂತಿದೆ.

ಎಂಎಂ 540, ಹಳೆಯ ಮೇಜರ್, ಕಮಾಂಡರ್ ಇವುಗಳ ಡೀಸೆಲ್ ಎಂಜಿನ್ನಿಗೆ ಇಸಿಎಂ ಇಲ್ಲ. ಅವುಗಳಿಗೆ ಇಲ್ಲಿನ ಬ್ಯಾಟರಿ ಮತ್ತು ಅರ್ತ್ ಭಾಗ ಮಾತ್ರ ಅನ್ವಯಿಸುತ್ತದೆ. ಥಾರ್ ಸಿಆರ್‌ಡಿಇ, ಕಾಮನ್ ರೈಲ್ (ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಹೆಚ್ಚಿನ ಒತ್ತಡದ ಡೀಸೆಲ್ ಹೋಗುವ) ಬೊಲೆರೊ, ಎಂಪಿಎಫ್‌ಐ (ಇಂಜೆಕ್ಟರ್ ಇರುವ ಪೆಟ್ರೋಲ್) ಜಿಪ್ಸಿ, 2020ರ ನಂತರದ ಥಾರ್, ಜಿಮ್ನಿ ಇವುಗಳಿಗೆ ಪೂರ್ತಿ ಅನ್ವಯಿಸುತ್ತದೆ. ಇಲ್ಲಿ ಕೊಟ್ಟ ಅಂಕಿಗಳು ಬಹುತೇಕ ಗಾಡಿಗಳಿಗೆ ಹೊಂದುವ ಸಾಮಾನ್ಯ ಮಟ್ಟಗಳು. ನಿಮ್ಮ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನುಯಲ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

ಇಲ್ಲಿ ವೈರಿಂಗ್ ಬೇಗ ಕೆಡುವುದೇಕೆ

ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟದ ದಾರಿಯ ಏರನ್ನು ಲೋ ಗೇರಿನಲ್ಲಿ ಹತ್ತಿದ ಎಂಜಿನ್ ಸುಡುತ್ತಿರುತ್ತದೆ. ಅದರ ಮೇಲಿನ ಕಪ್ಲರ್‌ಗಳೂ ಬಿಸಿಯಾಗಿರುತ್ತವೆ. ಆ ಹೊತ್ತಿಗೆ ತೋಡಿನ ತಣ್ಣೀರಿಗೆ ಇಳಿಸಿದರೆ ಕಪ್ಲರ್ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ರಬ್ಬರ್ ಸೀಲ್ ಸ್ವಲ್ಪ ಹಳತಾಗಿದ್ದರೂ ಸಾಕು, ನೀರು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ನೀರು ಸುಲಭಕ್ಕೆ ಹೊರಗೆ ಬರುವುದಿಲ್ಲ. ತಾಮ್ರದ ಎಳೆಗಳ ನಡುವಿನ ಸಂದಿಯಲ್ಲಿ ಏರುತ್ತಾ ಏರುತ್ತಾ ಕೆಲವು ಸಲ ಇಸಿಎಂ ಕಪ್ಲರ್‌ವರೆಗೂ ಹೋಗುತ್ತದೆ. ಯಾರೋ ಟೆಸ್ಟ್ ಲ್ಯಾಂಪಿನ ಸೂಜಿ ಚುಚ್ಚಿ ನೋಡಿದ ಚಿಕ್ಕ ತೂತಿನಿಂದಲೇ ಇದು ಶುರುವಾಗುವುದುಂಟು. ಹಾಗಾಗಿ ವೈರಿನ ಹೊದಿಕೆಗೆ ಸೂಜಿ ಚುಚ್ಚುವುದು ನಮ್ಮ ಹವೆಗೆ ಸಲ್ಲದ ಅಭ್ಯಾಸ.

ಟ್ರಿಪ್ ಮುಗಿಸಿ ಬಂದ ಮೇಲೆ ಪ್ರೆಶರ್ ವಾಶ್ ಗನ್ನನ್ನು ಬೋನೆಟ್ ಒಳಗೆ ಹಿಡಿಯುವುದು ತೋಡು ದಾಟುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಸೀಲ್‌ಗಳು ಚಿಮ್ಮುವ ನೀರನ್ನು ತಡೆಯುತ್ತವೆ, ಹತ್ತಿರದಿಂದ ಬಡಿಯುವ ಒತ್ತಡದ ನೀರನ್ನು ತಡೆಯುವುದಿಲ್ಲ.

ಇನ್ನು ಇಲಿ. ಕಣದ ಪಕ್ಕ, ಕಾಫಿ ಗೋದಾಮಿನ ಪಕ್ಕ, ಭತ್ತ ಇಟ್ಟ ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಜೀಪಿನ ಬೆಚ್ಚಗಿನ ಎಂಜಿನ್ ಅದಕ್ಕೆ ಮಳೆಗಾಲದ ಮನೆ. ಬ್ಯಾಟರಿ ಟ್ರೇ ಮೇಲೆ ಕಾಫಿ ಸಿಪ್ಪೆ, ಅಡಿಕೆ ಚೂರು, ಗೋಣಿ ನಾರು ಕಂಡರೆ ಸ್ಕ್ಯಾನರ್ ಹುಡುಕುವ ಮೊದಲು ಟಾರ್ಚ್ ಹುಡುಕಿ.

ಬೇಕಾದ ಸಾಮಾನು

ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್ ಒಂದು, ಅದರ ಒಳತಡೆ 10 ಮೆಗಾಓಮ್ ಇರಬೇಕು. ಸೆನ್ಸರುಗಳ ಆ ಕ್ಷಣದ ಅಂಕಿ, ಅಂದರೆ ಲೈವ್ ಡೇಟಾ, ತೋರಿಸುವ ಸ್ಕ್ಯಾನರ್ ಒಂದು. ಅಗ್ಗದ ಬ್ಲೂಟೂತ್ ಅಡಾಪ್ಟರ್ ಮತ್ತು ಫೋನ್ ಆ್ಯಪ್ ಹೊಸ ಗಾಡಿಗಳಲ್ಲಿ ಸಾಕಾಗುತ್ತದೆ, ಹಳೆಯ ಬಿಎಸ್-3 ಗಾಡಿಗಳಲ್ಲಿ ಹಲವು ಅದಕ್ಕೆ ಉತ್ತರಿಸುವುದಿಲ್ಲ. ಎರಡು ವೈರ್ ಜೋಡಿಸಿದ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಒಂದು. ಕಪ್ಲರ್‌ನ ಹಿಂಬದಿಯಿಂದ ಸೀಲ್ ಪಕ್ಕದಲ್ಲಿ ತೂರಿಸಲು ತೆಳ್ಳಗಿನ ಪಿನ್‌ಗಳು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಕ್ರಿಂಪಿಂಗ್ ಪ್ಲಾಯರ್, ಬಟ್ಟೆಯ ಹಾರ್ನೆಸ್ ಟೇಪ್, 0.5 ಮತ್ತು 0.75 ಚದರ ಮಿಲಿಮೀಟರ್ ಆಟೋ ವೈರ್. ಜೊತೆಗೆ ಕೈಯಿಂದ ಒತ್ತುವ, ಗಿಡಗಳಿಗೆ ನೀರು ಚಿಮುಕಿಸುವ ಸಣ್ಣ ಸ್ಪ್ರೇ ಬಾಟಲಿ. ಇದರ ಕೆಲಸ ಕೊನೆಯಲ್ಲಿ ಬರುತ್ತದೆ.

ಕೈ ಹಾಕುವ ಮೊದಲು

ಎಂಜಿನ್ ಓಡುವಾಗ ಕಾಮನ್ ರೈಲ್ ಇಂಜೆಕ್ಟರ್ ಕಪ್ಲರ್ ಕಳಚಬೇಡಿ. ಅಲ್ಲಿ 12 ವೋಲ್ಟ್ ಅಲ್ಲ, ಕ್ಷಣಕಾಲ ಅದರ ಹಲವು ಪಟ್ಟು ವೋಲ್ಟೇಜ್ ಬರುತ್ತದೆ. ರೈಲ್ ಒತ್ತಡ ಸಾವಿರ ಬಾರ್ ದಾಟುತ್ತದೆ. ಓಡುವ ಎಂಜಿನ್ನಿನ ಹೈ ಪ್ರೆಶರ್ ಪೈಪ್ ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಹೊರಗೆ ಚಿಕ್ಕ ಚುಕ್ಕೆಯಷ್ಟೇ ಕಾಣುವ ಆ ಗಾಯಕ್ಕೂ ತಕ್ಷಣ ಆಸ್ಪತ್ರೆ ಬೇಕು. ಇಸಿಎಂ ಕಪ್ಲರ್ ಕಳಚುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಬಂಪರ್, ಚಾಸಿಗೆ ವೆಲ್ಡಿಂಗ್ ಮಾಡುವಾಗಲೂ ಮೈನಸ್ ತೆಗೆದಿರಲೇಬೇಕು.

ತೋಡಿನ ನಡುವೆ ಎಂಜಿನ್ ನಿಂತುಹೋಗಿದ್ದರೆ ಸೆಲ್ಫ್ ಹೊಡೆಯಬೇಡಿ. ಗಾಡಿಯನ್ನು ಎಳೆದು ಹೊರಗೆ ತಂದು ಏರ್ ಫಿಲ್ಟರ್ ಬಿಚ್ಚಿ ನೋಡಿ. ಫಿಲ್ಟರ್ ಒದ್ದೆಯಾಗಿದ್ದರೆ ಸಿಲಿಂಡರಿಗೂ ನೀರು ಹೋಗಿರಬಹುದು. ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್, ಪೆಟ್ರೋಲಿನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕೈಯಿಂದ ತಿರುಗಿಸಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು.

ಹಂತ 1: ಕೋಡ್ ಓದಿ, ಅಳಿಸಬೇಡಿ

ಸ್ಕ್ಯಾನರ್ ಹಾಕಿದ ಕೂಡಲೇ ಕ್ಲಿಯರ್ ಬಟನ್ ಒತ್ತುವುದು ಸಾಕ್ಷ್ಯ ನಾಶ. ಎಲ್ಲ ಕೋಡ್‌ಗಳನ್ನೂ, ಅವುಗಳ ಜೊತೆಗಿನ ಫ್ರೀಜ್ ಫ್ರೇಮನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ. ದೋಷ ಬಂದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟು, ಗಾಡಿ ಎಷ್ಟು ವೇಗದಲ್ಲಿತ್ತು ಎಂಬುದು ಅದರಲ್ಲಿದೆ. ಚಾಲಕರಿಂದ ಎರಡು ಪ್ರಶ್ನೆಗೆ ಉತ್ತರ ಪಡೆಯಿರಿ: ಮಳೆ ಅಥವಾ ವಾಶ್ ಆದ ಎಷ್ಟು ಹೊತ್ತಿಗೆ ಲೈಟ್ ಬಂತು? ಇತ್ತೀಚೆಗೆ ಫಾಗ್ ಲ್ಯಾಂಪ್, ಹಾರ್ನ್, ವಿಂಚ್, ಸ್ಟೀರಿಯೊ ಏನಾದರೂ ಹಾಕಿಸಿದ್ದಾರೆಯೇ?

ಕೋಡ್‌ಗಳನ್ನು ಒಂದೊಂದಾಗಿ ನೋಡದೆ ಗುಂಪಾಗಿ ನೋಡಿ. ಒಂದೇ ಕೋಡ್ ಇದ್ದರೆ ಆ ಸೆನ್ಸರಿನ ಶಾಖೆಯಲ್ಲಿ ದೋಷ. ಸಂಬಂಧವಿಲ್ಲದ ಮೂರು ನಾಲ್ಕು ಸೆನ್ಸರ್‌ಗಳು ಒಟ್ಟಿಗೆ ಬಂದರೆ ಅವೆಲ್ಲ ಒಂದೇ ದಿನ ಕೆಟ್ಟಿರುವುದಿಲ್ಲ. ಅವು ಹಂಚಿಕೊಳ್ಳುವ 5 ವೋಲ್ಟ್ ಲೈನ್, ಅರ್ತ್ ಅಥವಾ ಒಂದು ದೊಡ್ಡ ಕಪ್ಲರ್ ಕೆಟ್ಟಿದೆ. ಪಿ0562 ಬಂದರೆ ವೋಲ್ಟೇಜ್ ಕಡಿಮೆ, ಬೇರೆ ಕೋಡ್‌ಗಳನ್ನು ಬದಿಗಿಟ್ಟು ಮೊದಲು ಅದನ್ನು ಸರಿಪಡಿಸಿ. ಪಿ0642, ಪಿ0643 ಬಂದರೆ 5 ವೋಲ್ಟ್ ಲೈನ್. ಯು ಅಕ್ಷರದ ಕೋಡ್‌ಗಳು ಕ್ಯಾನ್, ಅಂದರೆ ಗಾಡಿಯ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಎರಡು ವೈರಿನ ಸಂಪರ್ಕದವು.

ಹಂತ 2: ಬ್ಯಾಟರಿ ಮತ್ತು ಅರ್ತ್

ಇದು ಬೇಸರದ ಕೆಲಸ ಎಂದು ಬಿಡುವವರೇ ಹೆಚ್ಚು. ನಮ್ಮ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ, ಆದ್ದರಿಂದ ನಿಧಾನವಾಗಿ ಮಾಡಿ.

ರಾತ್ರಿ ನಿಂತ ಗಾಡಿಯ ಬ್ಯಾಟರಿ 12.4ರಿಂದ 12.7 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಇಸಿಎಂ ಮಧ್ಯದಲ್ಲೇ ರೀಸೆಟ್ ಆಗಿ ಸುಳ್ಳು ಕೋಡ್ ಹುಟ್ಟುತ್ತದೆ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ವೋಲ್ಟ್. ಹೊಸ ಗಾಡಿಗಳಲ್ಲಿ ಚಾರ್ಜಿಂಗನ್ನು ಇಸಿಎಂ ನಿಯಂತ್ರಿಸುವುದರಿಂದ ಕೆಲವು ಹೊತ್ತು ಇದಕ್ಕಿಂತ ಕಡಿಮೆ ಕಾಣಬಹುದು.

ಈಗ ಅರ್ತ್. ಓಮ್ ಅಳೆಯಬೇಡಿ. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಮೀಟರ್ ಸೊನ್ನೆ ತೋರಿಸಿ ಬೀಪ್ ಮಾಡುತ್ತದೆ. ಕರೆಂಟ್ ಹರಿಯುವಾಗ ಎಷ್ಟು ವೋಲ್ಟ್ ಸೋರುತ್ತದೆ ಎಂದು ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟಿನಲ್ಲಿಡಿ. ಕಪ್ಪು ಪ್ರೋಬ್ ಬ್ಯಾಟರಿಯ ಮೈನಸ್ ಕಂಬದ ಮೇಲೆಯೇ ಇರಲಿ, ಟರ್ಮಿನಲ್ ಕ್ಲಾಂಪಿನ ಮೇಲಲ್ಲ. ಕೆಂಪು ಪ್ರೋಬನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಒತ್ತಿ. ಸೆಲ್ಫ್ ಹೊಡೆಯುವಾಗ 0.2 ವೋಲ್ಟಿನೊಳಗೆ ಇದ್ದರೆ ಒಳ್ಳೆಯದು, 0.5 ದಾಟಿದರೆ ಅರ್ತ್ ಕೆಟ್ಟಿದೆ ಎಂದೇ ಅರ್ಥ. ಎಂಜಿನ್ ಓಡುತ್ತಾ ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿ ಅದೇ ಜಾಗ ಅಳೆಯಿರಿ, 0.1 ವೋಲ್ಟಿನೊಳಗೆ ಇರಬೇಕು. ಆಮೇಲೆ ಚಾಸಿ, ಬಾಡಿ, ಕೊನೆಗೆ ಸೆನ್ಸರ್ ಕಪ್ಲರಿನ ಅರ್ತ್ ಪಿನ್. ಈ ಕೊನೆಯದು 0.05 ವೋಲ್ಟಿನೊಳಗೆ ಇರಬೇಕು.

ಎಂಜಿನ್‌ನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಕೆಸರಲ್ಲಿ ಹಸಿರಾಗಿ ತುಂಡಾಗಿರುತ್ತದೆ. ಅದು ಹೋದರೆ ಸ್ಟಾರ್ಟರಿನ ನೂರಾರು ಆಂಪಿಯರ್ ಕರೆಂಟ್ ಬೇರೆ ದಾರಿ ಹಿಡಿಯುತ್ತದೆ: ಕ್ಲಚ್ ಕೇಬಲ್, ಜಿಪ್ಸಿಯಾದರೆ ಆಕ್ಸಿಲರೇಟರ್ ಕೇಬಲ್, ಸೆನ್ಸರ್ ಅರ್ತ್ ವೈರ್. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾಗುವುದು, ಹೆಡ್‌ಲೈಟ್ ಹಾಕಿದಾಗ ಟೆಂಪರೇಚರ್ ಮುಳ್ಳು ಏರುವುದು, ಇಂಡಿಕೇಟರ್ ಜೊತೆ ಮುಳ್ಳು ಕುಣಿಯುವುದು, ಇವೆಲ್ಲ ಅರ್ತ್ ಹೋದ ಲಕ್ಷಣ. ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು ಹೊಳೆಯುವ ಲೋಹ ಬರುವಂತೆ ಮಾಡಿ, ಸ್ಟಾರ್ ವಾಶರ್ ಹಾಕಿ ಬಿಗಿದು, ಆಮೇಲೆ ಹೊರಗಿನಿಂದ ಗ್ರೀಸ್ ಅಥವಾ ವ್ಯಾಸಲಿನ್ ಹಚ್ಚಿ. ವಿಂಚಿನ ಎರಡೂ ಕೇಬಲ್ ನೇರ ಬ್ಯಾಟರಿಗೇ ಬರಬೇಕು. ಫಾಗ್ ಲ್ಯಾಂಪಿನ ಅರ್ತನ್ನು ಇಸಿಎಂ ಅರ್ತ್ ಬೋಲ್ಟಿಗೆ ಸೇರಿಸಿದ್ದು ಕಂಡರೆ ಈಗಲೇ ಬೇರೆ ಮಾಡಿ.

ಫ್ಯೂಸ್, ರಿಲೇಗಳನ್ನೂ ಇಲ್ಲೇ ಮುಗಿಸಿ. ರಿಲೇ ಟಿಕ್ ಎಂದರೆ ಕಾಯಿಲ್ ಸರಿ ಇದೆ ಎಂದಷ್ಟೇ, ಒಳಗಿನ ಪಾಯಿಂಟ್ ಸುಟ್ಟಿರಬಹುದು. 30 ಮತ್ತು 87 ನಂಬರಿನ ಕಾಲುಗಳ ನಡುವೆ ಲೋಡ್ ಇರುವಾಗ 0.2 ವೋಲ್ಟಿಗಿಂತ ಹೆಚ್ಚು ಸೋರಿದರೆ ಬದಲಿಸಿ.

ಹಂತ 3: ಕಣ್ಣು ಮತ್ತು ಕೈ

ಎಂಜಿನ್ ತಣ್ಣಗಿರುವಾಗ ವೈರಿಂಗ್ ಕಿಟ್ (ಒಟ್ಟಿಗೆ ಸುತ್ತಿದ ವೈರುಗಳ ಕಟ್ಟು) ಹೋದ ದಾರಿಯನ್ನು ಟಾರ್ಚ್ ಹಿಡಿದು ಪೂರ್ತಿ ಹಿಂಬಾಲಿಸಿ. ವೈರ್ ಸವೆಯುವ ಜಾಗಗಳು ಬಹುತೇಕ ಗೊತ್ತಿರುವಂಥವು: ಫೈರ್‌ವಾಲ್ ದಾಟುವ ರಬ್ಬರ್ ಬುಷ್, ಬ್ಯಾಟರಿ ಟ್ರೇ ಅಂಚು, ಇಂಟೇಕ್ ಮ್ಯಾನಿಫೋಲ್ಡ್ ಕೆಳಗಿನ ಸಂದಿ, ಬೆಲ್ ಹೌಸಿಂಗ್ ಮೇಲಿನ ಭಾಗ, ಟರ್ಬೊ ಪಕ್ಕ, ಚಾಸಿ ರೈಲಿನ ಕ್ಲಿಪ್‌ಗಳು. ಕಲ್ಲಿನ ದಾರಿಯಲ್ಲಿ ಎಂಜಿನ್ ತನ್ನ ಮೌಂಟಿಂಗ್ ಮೇಲೆ ತುಂಬಾ ಅಲುಗುತ್ತದೆ. ಒಂದು ಕ್ಲಿಪ್ ಕಳಚಿದರೆ ಕಿಟ್ ಯಾವುದೋ ಬ್ರ್ಯಾಕೆಟಿಗೆ ಉಜ್ಜಿ ಒಂದೇ ಮಳೆಗಾಲದಲ್ಲಿ ತಾಮ್ರ ಹೊರಬರುತ್ತದೆ.

ಅನುಮಾನ ಬಂದ ಕಪ್ಲರನ್ನು ಬಿಡಿಸಿ. ಪಿನ್ ಮೇಲೆ ಹಸಿರು ಅಥವಾ ಬಿಳಿ ಪುಡಿ, ಒಳಗೆ ಕೆಸರಿನ ಗೆರೆ, ಹಿಂದೆ ಸರಿದ ಪಿನ್, ಹರಿದ ಸೀಲ್, ಮುರಿದ ಲಾಕ್ ಇವೆಯೇ ನೋಡಿ. ಹೆಣ್ಣು ಪಿನ್ ಸಡಿಲವಾಗಿರುವುದು ಕಣ್ಣಿಗೆ ಕಾಣುವುದಿಲ್ಲ. ಅದೇ ಅಳತೆಯ ಗಂಡು ಪಿನ್ ತೂರಿಸಿ ಎಳೆದರೆ ಸ್ವಲ್ಪ ಹಿಡಿತ ಸಿಗಬೇಕು, ಸುಮ್ಮನೆ ಜಾರಿದರೆ ಆ ಪಿನ್ ಬದಲಿಸಿ. ದಪ್ಪ ಪ್ರೋಬ್ ತೂರಿಸಿ ಪಿನ್ ಅಗಲ ಮಾಡಿದ್ದರಿಂದಲೇ ಹೊಸ ದೋಷ ಹುಟ್ಟಿದ ಗಾಡಿಗಳು ಬೇಕಾದಷ್ಟಿವೆ.

ಮುಂದೆ ಅಲುಗಿಸುವ ಪರೀಕ್ಷೆ. ಎಂಜಿನ್ ಐಡಲಿನಲ್ಲಿರಲಿ, ಸ್ಕ್ಯಾನರಿನಲ್ಲಿ ಆ ಸೆನ್ಸರಿನ ಲೈವ್ ಅಂಕಿ ತೆರೆದಿಡಿ. ಒಬ್ಬರು ಪರದೆ ನೋಡಲಿ, ಇನ್ನೊಬ್ಬರು ಒಂದೊಂದು ಗೇಣು ಕಿಟ್ಟನ್ನು ಹಿಡಿದು ಮೃದುವಾಗಿ ಅಲುಗಿಸಲಿ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ಅಂಗಿಯ ತೋಳು ದೂರ. ಅಂಕಿ ಹಾರಿದ ಜಾಗದಲ್ಲೇ ದೋಷ.

ಹಂತ 4: 5 ವೋಲ್ಟ್ ಲೈನ್

ಒತ್ತಡ, ಪೆಡಲ್, ಥ್ರಾಟಲ್ ಸೆನ್ಸರ್‌ಗಳಿಗೆ ಇಸಿಎಂ 5 ವೋಲ್ಟ್ ಕೊಡುತ್ತದೆ. ಒಂದೇ ಲೈನನ್ನು ಹಲವು ಸೆನ್ಸರ್‌ಗಳು ಹಂಚಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಒಳಗೆ ಶಾರ್ಟ್ ಆದರೆ ಉಳಿದವೂ ಸುಳ್ಳು ಹೇಳತೊಡಗುತ್ತವೆ.

ಕೀ ಆನ್ ಮಾಡಿ, ಎಂಜಿನ್ ನಿಂತಿರಲಿ. ಮೂರು ವೈರಿನ ಸೆನ್ಸರ್ ಕಪ್ಲರಿನಲ್ಲಿ 4.9ರಿಂದ 5.1 ವೋಲ್ಟ್ ಸಿಗಬೇಕು. ಸೊನ್ನೆ ಅಥವಾ ಎರಡು ಮೂರು ವೋಲ್ಟ್ ಸಿಕ್ಕರೆ ಮೀಟರನ್ನು ಅಲ್ಲೇ ಬಿಟ್ಟು, ಆ ಲೈನಿನ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿ ಬರುತ್ತದೋ ಆ ಸೆನ್ಸರ್ ಅಥವಾ ಅದರ ಕಪ್ಲರ್ ಕಾರಣ. ಎಲ್ಲವನ್ನೂ ಕಳಚಿದರೂ ಬಾರದಿದ್ದರೆ ವೈರ್ ಎಲ್ಲೋ ಲೋಹಕ್ಕೆ ತಾಗಿರಬಹುದು ಅಥವಾ ಕಡಿದಿರಬಹುದು, ಇಲ್ಲವೇ ದೋಷ ಇಸಿಎಂ ಕಡೆ ಇರಬಹುದು (ಹಂತ 6 ನೋಡಿ). 5 ವೋಲ್ಟಿನ ಬದಲು 12 ವೋಲ್ಟ್ ಕಂಡರೆ ಎರಡು ವೈರ್ ಒಂದಕ್ಕೊಂದು ಅಂಟಿವೆ, ಇಲಿ ಕಡಿದ ಗಾಡಿಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ತಕ್ಷಣ ಕೀ ಆಫ್ ಮಾಡಿ.

ಹಂತ 5: ಸೆನ್ಸರ್‌ಗಳು

ಉಷ್ಣತೆಯ ಸೆನ್ಸರಿನಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ ನಮ್ಮ ಹವೆಯಲ್ಲಿ ಅದು ಮೋಸ ಮಾಡುವಷ್ಟು ಬೇರೆ ಯಾವುದೂ ಮಾಡುವುದಿಲ್ಲ. ಕೂಲೆಂಟ್ ಸೆನ್ಸರ್ ಬಿಸಿಯಾದಂತೆ ತಡೆ ಕಡಿಮೆಯಾಗುವ ಜಾತಿ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಸುಮಾರು 2.4 ಕಿಲೋಓಮ್, 40ರಲ್ಲಿ 1.2 ಕಿಲೋಓಮ್ ಆಸುಪಾಸು, 80ರಲ್ಲಿ 300ರಿಂದ 330 ಓಮ್. ಈಗ ಕಪ್ಲರಿಗೆ ಕೆಸರುನೀರು ಹೊಕ್ಕು ಎರಡು ಪಿನ್‌ಗಳ ನಡುವೆ 2.4 ಕಿಲೋಓಮಿನ ಸೋರಿಕೆ ದಾರಿ ಮಾಡಿತು ಎನ್ನಿ. ಒಟ್ಟು ತಡೆ 1.2ಕ್ಕೆ ಇಳಿಯುತ್ತದೆ. ಹೊರಗೆ 20 ಡಿಗ್ರಿ ಚಳಿ, ಇಸಿಎಂಗೆ ಮಾತ್ರ ಎಂಜಿನ್ 40 ಡಿಗ್ರಿ ಇದ್ದಂತೆ ಕಾಣುತ್ತದೆ. ಅದು ಗ್ಲೋ ಪ್ಲಗ್ ಹೊತ್ತು, ಇಂಧನ ಎರಡನ್ನೂ ಕಡಿಮೆ ಮಾಡುತ್ತದೆ, ಗಾಡಿ ಬೆಳಿಗ್ಗೆ ಹಿಡಿಯುವುದಿಲ್ಲ. ಅಂಕಿ ಅಸಾಧ್ಯವೇನಲ್ಲವಾದ್ದರಿಂದ ಕೋಡೂ ಬರುವುದಿಲ್ಲ. ಮಧ್ಯಾಹ್ನ ಕಪ್ಲರ್ ಒಣಗಿದರೆ ಎಲ್ಲ ಸರಿ!

ಇದನ್ನು ಹಿಡಿಯಲು ಖರ್ಚಿಲ್ಲದ ಉಪಾಯವಿದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೀ ಆನ್ ಮಾಡಿ ಕೂಲೆಂಟ್, ಒಳಸೇರುವ ಗಾಳಿ, ಡೀಸೆಲ್ ಈ ಮೂರರ ಉಷ್ಣತೆಯನ್ನು ಲೈವ್ ಡೇಟಾದಲ್ಲಿ ನೋಡಿ. ಮೂರೂ ಹೊರಗಿನ ಹವೆಗೆ ಹತ್ತಿರ, ಪರಸ್ಪರ 3ರಿಂದ 5 ಡಿಗ್ರಿಯೊಳಗೆ ಇರಬೇಕು. ಗುಂಪಿನಿಂದ ಹೊರಗಿರುವುದೇ ಕಳ್ಳ. ಆಮೇಲೆ ಅದರ ಕಪ್ಲರ್ ಕಳಚಿ: ಪರದೆಯಲ್ಲಿ ಮೈನಸ್ 40ರ ಆಸುಪಾಸು ಬರಬೇಕು. ಎರಡು ವೈರಿನ ಈ ಸೆನ್ಸರ್ ಕಪ್ಲರಿನ ಎರಡು ಪಿನ್‌ಗಳನ್ನು ಚಿಕ್ಕ ವೈರಿನಿಂದ ಸೇರಿಸಿ: 120ಕ್ಕೂ ಮೇಲೆ ಹೋಗಬೇಕು. ಎರಡೂ ಆದರೆ ವೈರ್ ಮತ್ತು ಇಸಿಎಂ ಸರಿ, ಸೆನ್ಸರ್ ಬದಲಿಸಬಹುದು. ಆಗದಿದ್ದರೆ ಹೊಸ ಸೆನ್ಸರಿನಿಂದ ಏನೂ ಪ್ರಯೋಜನವಿಲ್ಲ. ಮೂರು ವೈರಿನ ಸೆನ್ಸರಿಗೆ ಈ ಸೇರಿಸುವ ಪ್ರಯೋಗ ಮಾಡಬಾರದು.

ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೆ ಪಿ0335 ಅಥವಾ ಪಿ0336 ಬರುತ್ತದೆ, ಓಡುತ್ತಿದ್ದ ಎಂಜಿನ್ ಥಟ್ಟನೆ ನಿಲ್ಲುತ್ತದೆ, ತಣಿದ ಮೇಲೆ ಮತ್ತೆ ಹಿಡಿಯುತ್ತದೆ. ಸೆಲ್ಫ್ ಹೊಡೆಯುವಾಗ ಲೈವ್ ಡೇಟಾದಲ್ಲಿ ಆರ್‌ಪಿಎಂ 150ರಿಂದ 250ರ ನಡುವೆ ಕಾಣಬೇಕು. ಸೊನ್ನೆಯಾದರೆ ಸಿಗ್ನಲ್ ಬರುತ್ತಿಲ್ಲ. ಒಳಗೆ ಕಾಯಿಲ್ ಇರುವ ಎರಡು ವೈರಿನ ಸೆನ್ಸರ್ ಆದರೆ ತಡೆ ಕೆಲವು ನೂರು ಓಮಿನಿಂದ ಸಾವಿರದಾಚೆಗೆ ಇರುತ್ತದೆ, ಸೆಲ್ಫ್ ಹೊಡೆದಾಗ ಎಸಿ ವೋಲ್ಟಿನಲ್ಲಿ ಅರ್ಧ ವೋಲ್ಟಾದರೂ ಹುಟ್ಟಬೇಕು. ಮೂರು ವೈರ್ ಇದ್ದರೆ ಬಹುತೇಕ ಕಾಂತಕ್ಷೇತ್ರ ಗುರುತಿಸುವ ಹಾಲ್ (Hall) ಸೆನ್ಸರ್: ಅದಕ್ಕೆ ಓಮ್ ಅಳೆಯಬೇಡಿ, ಒಳಗಿನ ಸರ್ಕ್ಯೂಟ್ ಹಾಳಾದೀತು. ಸಪ್ಲೈ, ಅರ್ತ್ ಇದೆಯೇ, ಎಂಜಿನ್ ಕೈಯಿಂದ ತಿರುಗಿಸಿದಾಗ ಸಿಗ್ನಲ್ ಪಿನ್ ಮೇಲೆ ಕೆಳಗೆ ಆಗುತ್ತದೆಯೇ ನೋಡಿ. ಸೆನ್ಸರ್ ಬಿಚ್ಚಿದಾಗ ಮೂತಿಗೆ ಕಬ್ಬಿಣದ ಪುಡಿ ಅಂಟಿದ್ದರೆ ಒರೆಸಿ ಹಾಕಿ ನೋಡಿ.

ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಅಥವಾ ಬೂಸ್ಟ್ ಸೆನ್ಸರನ್ನು ಪರೀಕ್ಷಿಸಲು ನಮ್ಮ ಬೆಟ್ಟವೇ ಅಳತೆಗೋಲು. ಎಂಜಿನ್ ನಿಂತು ಕೀ ಆನ್ ಆಗಿರುವಾಗ ಅದು ಆ ಜಾಗದ ಗಾಳಿಯ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲ್ ಆಸುಪಾಸು, ಕುಶಾಲನಗರದಲ್ಲಿ ಸುಮಾರು 92, ಮಡಿಕೇರಿಯಲ್ಲಿ ಸುಮಾರು 88. ಮಡಿಕೇರಿಯಲ್ಲಿ ನಿಂತ ಗಾಡಿ 88 ತೋರಿಸಿದ್ದಕ್ಕೆ, ಪುಸ್ತಕದಲ್ಲಿ 100 ಇದೆ ಎಂದು ಸೆನ್ಸರ್ ಬದಲಿಸಬೇಡಿ. ಪೆಟ್ರೋಲ್ ಎಂಜಿನ್ ಐಡಲಿನಲ್ಲಿ 30ರಿಂದ 40ಕ್ಕೆ ಇಳಿಯಬೇಕು. ಇಳಿಯದಿದ್ದರೆ ರಬ್ಬರ್ ಹೋಸ್ ಸೀಳಿದೆಯೇ ಮೊದಲು ನೋಡಿ.

ರೈಲ್ ಪ್ರೆಶರ್ ಸೆನ್ಸರಿಗೂ ಹಾಗೆಯೇ. ಎಂಜಿನ್ ನಿಂತು ಅರ್ಧ ಗಂಟೆಯಾದ ಮೇಲೆ ಅದರ ಸಿಗ್ನಲ್ ಸಾಮಾನ್ಯವಾಗಿ 0.5 ವೋಲ್ಟ್, ಪರದೆಯಲ್ಲಿ ಒತ್ತಡ ಸೊನ್ನೆಯ ಹತ್ತಿರ ಇರಬೇಕು. ನಿಂತ ಎಂಜಿನ್ 80, 100 ಬಾರ್ ತೋರಿಸಿದರೆ ಸೆನ್ಸರ್ ಅಥವಾ ಅದರ ಅರ್ತ್ ಕೆಟ್ಟಿದೆ. ಆದರೆ ಪಿ0087, ಅಂದರೆ ಒತ್ತಡ ಸಾಲದು ಎಂಬ ಕೋಡ್ ಬಂದಾಗ ವೈರಿಂಗಿಗಿಂತ ಮೊದಲು ಡೀಸೆಲ್ ಫಿಲ್ಟರ್ ನೋಡಿ. ತೋಟಗಳಲ್ಲಿ ಬ್ಯಾರೆಲಿನಲ್ಲಿಟ್ಟ ಡೀಸೆಲಿಗೆ ಮಳೆಗಾಲದ ತೇವ ಸೇರಿ ತಳದಲ್ಲಿ ನೀರು ನಿಲ್ಲುತ್ತದೆ, ಅದು ನೇರ ಫಿಲ್ಟರಿಗೆ ಬರುತ್ತದೆ. ಫಿಲ್ಟರ್ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ಆಕ್ಸಿಲರೇಟರ್ ಪೆಡಲಿನಲ್ಲಿ ಎರಡು ಸೆನ್ಸರ್ ಇವೆ. ಹಲವು ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಎರಡರಷ್ಟು: ಕಾಲು ಎತ್ತಿದಾಗ ಸುಮಾರು 0.75 ಮತ್ತು 0.37. ನಿಧಾನವಾಗಿ ಒತ್ತಿದಾಗ ಎರಡೂ ಜೊತೆಯಾಗಿ, ಜಿಗಿಯದೆ ಏರಬೇಕು. ಇವೆರಡರ ಲೆಕ್ಕ ತಾಳೆಯಾಗದಿದ್ದರೆ ಪಿ2138 ಬಂದು ಎಂಜಿನ್ ವೇಗ ಐಡಲಿಗಿಂತ ಸ್ವಲ್ಪ ಮೇಲೆಯೇ ಉಳಿದುಬಿಡುತ್ತದೆ. ಸಾಫ್ಟ್ ಟಾಪ್ ಜೀಪುಗಳಲ್ಲಿ ಕಾಲ್ಬದಿ ಸದಾ ಒದ್ದೆ, ಕೆಸರಿನ ಗಂಬೂಟು ಬೇರೆ. ಪೆಡಲ್ ಬದಲಿಸುವ ಮೊದಲು ಅದರ ಕಪ್ಲರ್ ತೊಳೆದು ಒಣಗಿಸಿ ನೋಡುವುದು ನ್ಯಾಯ.

ಏರ್ ಫ್ಲೋ ಸೆನ್ಸರಿಗೆ ಶತ್ರು ಮಳೆಯಲ್ಲ, ಬೇಸಿಗೆಯ ಧೂಳು. ಅದಕ್ಕೆಂದೇ ಸಿಗುವ ಕ್ಲೀನರ್ ಮಾತ್ರ ಸಿಂಪಡಿಸಿ, ಬಟ್ಟೆ, ಬ್ರಷ್, ಪೆಟ್ರೋಲ್ ತಾಗಿಸಬೇಡಿ. ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಪದೇ ಪದೇ ಬಂದರೆ ಅದು ಸೆನ್ಸರ್ ದೋಷವಾಗದೆ ಇರಬಹುದು. ಮನೆಯಿಂದ ತೋಟಕ್ಕೆ ಎರಡು ಮೈಲಿ ಓಡಿ ನಿಲ್ಲುವ ಗಾಡಿಯಲ್ಲಿ ಮಸಿ ಸುಡುವ ಕೆಲಸ ಪೂರ್ತಿಯಾಗುವುದೇ ಇಲ್ಲ.

ಹಂತ 6: ವೈರನ್ನೇ ಪರೀಕ್ಷಿಸುವುದು

ಸೆನ್ಸರ್ ಸರಿ, ಇಸಿಎಂಗೆ ಸಿಗ್ನಲ್ ಮುಟ್ಟುತ್ತಿಲ್ಲ ಎಂದಾದರೆ ಬ್ಯಾಟರಿ ಮೈನಸ್ ತೆಗೆದು ವೈರಿನ ಎರಡೂ ತುದಿಯ ಕಪ್ಲರ್ ಕಳಚಿ. ತುದಿಯಿಂದ ತುದಿಗೆ 1 ಓಮಿಗಿಂತ ಕಡಿಮೆ ಇರಬೇಕು. ವೈರಿನಿಂದ ಚಾಸಿಗೆ, ಅಕ್ಕಪಕ್ಕದ ಪಿನ್‌ಗಳಿಗೆ ಸಂಪರ್ಕವೇ ಇರಬಾರದು. ಮೀಟರ್ ಕೆಲವು ಕಿಲೋಓಮ್ ತೋರಿಸಿದರೂ ಅದು ದೋಷವೇ, ಒದ್ದೆ ಕಪ್ಲರಿನ ಗುರುತು.

ಆಮೇಲೆ ಆ ವೈರಿನ ಮೂಲಕವೇ 21 ವ್ಯಾಟ್ ಬಲ್ಬನ್ನು ಬ್ಯಾಟರಿಗೆ ಸೇರಿಸಿ. ಸುಮಾರು 1.75 ಆಂಪಿಯರ್ ಹರಿಯುತ್ತದೆ. ಬಲ್ಬ್ ಪೂರ್ತಿ ಉರಿದರೆ ವೈರ್ ಗಟ್ಟಿ, ಮಂಕಾದರೆ ಒಳಗೆ ಎಳೆ ಕಡಿದಿದೆ. ಎರಡೂ ತುದಿ ಕಳಚಿರುವಾಗ ಮಾತ್ರ ಈ ಪರೀಕ್ಷೆ. ಇಸಿಎಂ ಜೋಡಿಸಿದ್ದಾಗ ಬಲ್ಬ್ ಹಚ್ಚಿದರೆ ಅದರ ಒಳಗಿನ ಡ್ರೈವರ್ ಸುಡುತ್ತದೆ.

ಸ್ಕ್ಯಾನರ್ ಸಂಪರ್ಕವೇ ಸಿಗದಿದ್ದರೆ ಡಯಾಗ್ನೋಸ್ಟಿಕ್ ಸಾಕೆಟಿನ 16ನೇ ಪಿನ್ನಿನಲ್ಲಿ 12 ವೋಲ್ಟ್, 4 ಮತ್ತು 5ರಲ್ಲಿ ಅರ್ತ್ ಇದೆಯೇ ನೋಡಿ. ಕ್ಯಾನ್ ಇರುವ ಗಾಡಿಯಲ್ಲಿ ಬ್ಯಾಟರಿ ತೆಗೆದು 6 ಮತ್ತು 14ರ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ಸಂಪರ್ಕ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ತಾಗಿಕೊಂಡಿವೆ.

ಇಸಿಎಂ ಹೋಗಿದೆ ಎಂಬ ತೀರ್ಮಾನಕ್ಕೆ ಬರುವುದು ಇಷ್ಟೆಲ್ಲ ಆದ ಮೇಲೆ. ಅದರ ಎಲ್ಲ ಸಪ್ಲೈ ಪಿನ್‌ಗಳು ಬಲ್ಬ್ ಉರಿಸುತ್ತವೆ, ಅರ್ತ್ ಪಿನ್‌ಗಳು ಗಟ್ಟಿ ಇವೆ, ಕಪ್ಲರ್ ಒಣಗಿದೆ, ಆದರೂ 5 ವೋಲ್ಟ್ ಹುಟ್ಟುತ್ತಿಲ್ಲ ಎಂದಾಗ ಮಾತ್ರ. ಬೇರೆ ಗಾಡಿಯ ಹಳೆಯ ಇಸಿಎಂ ತಂದು ಸುಮ್ಮನೆ ಹಾಕಿದರೆ ಓಡುವುದಿಲ್ಲ: ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ) ಹೊಂದಿಸಬೇಕು, ಕಾಮನ್ ರೈಲ್ ಆದರೆ ಇಂಜೆಕ್ಟರ್ ಕೋಡ್‌ಗಳನ್ನೂ ಬರೆಯಬೇಕು.

ಹಂತ 7: ರಿಪೇರಿ

ಹಸಿರಾದ ತಾಮ್ರಕ್ಕೆ ಜೋಡಣೆ ಹಾಕಬೇಡಿ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡು ಸೇರಿಸಿ. ಕ್ರಿಂಪ್ ಮಾಡಿ ಅಂಟಿನ ಸ್ಲೀವ್ ಏರಿಸಿ ಬಿಸಿ ಮಾಡಿ, ಎರಡೂ ತುದಿಯಲ್ಲಿ ಅಂಟು ಉಕ್ಕಿ ಬರಬೇಕು. ಅಲುಗುವ ಜಾಗದಲ್ಲಿ ಬೆಸುಗೆಗಿಂತ ಕ್ರಿಂಪ್ ಉತ್ತಮ, ಬೆಸುಗೆ ಮುಗಿಯುವ ಅಂಚಿನಲ್ಲಿ ವೈರ್ ಗಡುಸಾಗಿ ಮುರಿಯುತ್ತದೆ. ಹಲವು ವೈರ್ ಸೇರಿಸುವಾಗ ಜೋಡಣೆಗಳು ಒಂದೇ ಕಡೆ ಬಾರದಂತೆ 3–4 ಸೆಂಟಿಮೀಟರ್ ಅಂತರ ಬಿಡಿ. ಕ್ರ್ಯಾಂಕ್ ಸೆನ್ಸರ್ ಮತ್ತು ಕ್ಯಾನ್ ವೈರ್‌ಗಳನ್ನು ಹೊಸೆದ ಹಾಗೆಯೇ ಮತ್ತೆ ಹೊಸೆಯಬೇಕು, ಶೀಲ್ಡ್ (ವೈರಿನ ಸುತ್ತಲಿನ ಲೋಹದ ಹೊದಿಕೆ) ಇದ್ದರೆ ಅದನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಬೇಕು.

ಕಪ್ಲರನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಪೂರ್ತಿ ಒಣಗಿಸಿ, ರಬ್ಬರ್ ಸೀಲಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ. ಕಪ್ಲರ್ ತುಂಬ ಗ್ರೀಸ್ ತುಂಬಿದರೆ ಅದು ಸರಿಯಾಗಿ ಕೂರುವುದೇ ಇಲ್ಲ. ಹುಳಿ ವಿನೆಗರ್ ವಾಸನೆ ಬರುವ ಸಿಲಿಕೋನ್ ಸೀಲೆಂಟನ್ನು ವೈರಿಂಗಿನ ಹತ್ತಿರ ತರಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಸಾಮಾನ್ಯ ಪಿವಿಸಿ ಟೇಪ್ ಎಂಜಿನ್ ಬಿಸಿಗೆ ಅಂಟು ಬಿಟ್ಟು ಜಾರುತ್ತದೆ, ಬಟ್ಟೆಯ ಟೇಪ್ ಸುತ್ತಿ. ಕಪ್ಲರಿಗೆ ಬರುವ ವೈರ್ ಒಮ್ಮೆ ಕೆಳಗೆ ಇಳಿದು ಮೇಲೇರುವಂತೆ ಕಟ್ಟಿದರೆ ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಪ್ಲಾಸ್ಟಿಕ್ ಕಾಂಡ್ಯೂಟಿನ ಸೀಳು ಕೆಳಮುಖವಾಗಿರಲಿ.

ಇಲಿ ಕಡಿದ ಕಿಟ್ ಆದರೆ ಕಂಡ ಒಂದು ವೈರ್ ಸೇರಿಸಿ ನಿಲ್ಲಿಸಬೇಡಿ. ಟೇಪ್ ಬಿಚ್ಚಿ ಎರಡೂ ಕಡೆ ಒಂದೊಂದು ಮೊಳ ನೋಡಿ. ಗೂಡು ತೆಗೆದು ತೊಳೆಯದಿದ್ದರೆ ಅದೇ ವಾಸನೆಗೆ ಮತ್ತೆ ಬರುತ್ತದೆ. ಶೆಡ್ಡಿನೊಳಗೆ ನಿಲ್ಲಿಸಿದ ಗಾಡಿಯ ಬೋನೆಟ್ ರಾತ್ರಿ ತೆರೆದಿಟ್ಟರೆ ಎಂಜಿನ್ ಬೇಗ ತಣಿಯುತ್ತದೆ, ಇಲಿಗೆ ಬೇಕಾದ ಬಿಸಿಯೂ ಕತ್ತಲೂ ಸಿಗುವುದಿಲ್ಲ.

ಹಂತ 8: ಸರಿಯಾಯಿತೇ ಎಂದು ನೋಡುವುದು

ಈಗ ಕೋಡ್ ಅಳಿಸಿ. ಎಂಜಿನ್ ಐಡಲಿನಲ್ಲಿರಲಿ, ಸ್ಪ್ರೇ ಬಾಟಲಿಯಿಂದ ರಿಪೇರಿ ಮಾಡಿದ ಜಾಗ ಮತ್ತು ಅಕ್ಕಪಕ್ಕದ ಕಪ್ಲರ್‌ಗಳ ಮೇಲೆ ಮಂಜಿನಂತೆ ನೀರು ಚಿಮುಕಿಸಿ ಲೈವ್ ಅಂಕಿ ನೋಡಿ. ಬಿಸಿ ಎಕ್ಸಾಸ್ಟ್ ಮತ್ತು ಟರ್ಬೊ ಮೇಲೆ ಬೀಳದಿರಲಿ. ಹತ್ತು ನಿಮಿಷ ಅಂಕಿ ಕದಲದಿದ್ದರೆ ರಸ್ತೆಗೆ ಇಳಿಸಿ. ಐಡಲಿನಲ್ಲಿ ಕಾಣದ ಬೂಸ್ಟ್, ರೈಲ್ ಪ್ರೆಶರ್ ದೋಷಗಳು ಏರಿನಲ್ಲಿ ಹೊರಬೀಳುತ್ತವೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್ ಏರು ದಾರಿ, ಅಥವಾ ಸಂಪಾಜೆ ಘಾಟಿ ಇದಕ್ಕೆ ಸಾಕು. ಪಕ್ಕದಲ್ಲಿ ಕೂತವರು ಡೇಟಾ ದಾಖಲಿಸಲಿ, ಚಾಲಕರು ಪರದೆ ನೋಡುವುದು ಬೇಡ.

ಮರುದಿನ ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಮೂರು ಉಷ್ಣತೆಗಳನ್ನು ಮತ್ತೊಮ್ಮೆ ಹೋಲಿಸಿ, ಕಾಯುತ್ತಿರುವ ಪೆಂಡಿಂಗ್ ಕೋಡ್ ಇದೆಯೇ ಓದಿ. ಹಲವು ದೋಷಗಳಲ್ಲಿ ಎರಡನೇ ಸಲ ಕಂಡ ಮೇಲೆಯೇ ಇಸಿಎಂ ಲೈಟ್ ಹತ್ತಿಸುತ್ತದೆ. ಹಾಗಾಗಿ ಲೈಟ್ ಇಲ್ಲದಿದ್ದರೂ ಪೆಂಡಿಂಗ್ ಪಟ್ಟಿ ಖಾಲಿ ಇರಬೇಕು. ಅಲ್ಲಿ ಅದೇ ಕೋಡ್ ಉಳಿದಿದ್ದರೆ ಗಾಡಿ ಕೊಡಬೇಡಿ, ಆ ಸರ್ಕ್ಯೂಟಿನ ಅರ್ತ್ ಪಿನ್ನಿನಿಂದ ಮತ್ತೆ ಅಳೆಯಿರಿ.